ನಾಲ್ಕು ಮೂಕ ಮಿಡತೆಗಳು

ಗೆಂಗ್ ಶೂಲಿನ್ ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟಕ್ಕೆ ಕೂತರೂ ಮೇಜಿನಡಿ ಅವನ ಬಲಗಾಲಿನ ಮಂಡಿ ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ. ಕಾಲು ಕುಣಿಸಿದರೆ ಮನೆಯ ಅದೃಷ್ಟ ಉದುರಿಹೋಗುತ್ತದೆಂದು ಹುಟ್ಟೂರು ಟಿಯಾನ್‌ಜಿನ್‌ನಲ್ಲಿ ಅವನ ಅಮ್ಮ ತಲೆಗೆ ಮೊಟಕುತ್ತಿದ್ದಳು. ಮದುವೆಯಾದ ಮೇಲೆ ಆ ಕೆಲಸ ಹೆಂಡತಿ ಯುನ್‌ಶಿಯಾಳ ಪಾಲಿಗೆ ಬಂತು. ಅವಳು ಮೊಟಕುವುದಿಲ್ಲ, ಮಂಡಿಯ ಮೇಲೆ ಅಂಗೈ ಇಡುತ್ತಾಳೆ. ನಲವತ್ತೊಂದು ವರ್ಷದಿಂದ ಇಡುತ್ತಿದ್ದಾಳೆ. ಕಾಲು ಒಂದು ನಿಮಿಷ ಸುಮ್ಮನಿದ್ದು ಮತ್ತೆ ಶುರುಮಾಡುತ್ತದೆ.

ಈ ಚಳಿಗಾಲದಲ್ಲಂತೂ ಆ ಕೈಗೂ ಕಾಲು ಬಗ್ಗಲಿಲ್ಲ. ಅದಕ್ಕೆ ಕಾರಣ ಗೆಂಗ್‌ನ ಕೋಟಿನ ಒಳಜೇಬಿನಲ್ಲಿದ್ದ ಸೋರೆಬುರುಡೆ, ಆ ಬುರುಡೆಯೊಳಗಿದ್ದ ಹಸಿರು ಮಿಡತೆ. ಅವರ ಹೊಸವರ್ಷ ಹುಟ್ಟುವ ವಸಂತದ ಹಬ್ಬಕ್ಕೆ ಇನ್ನು ಹನ್ನೊಂದೇ ದಿನ ಉಳಿದಿತ್ತು. ಮಿಡತೆ ಒಂದು ಸಲವೂ ಹಾಡಿರಲಿಲ್ಲ.

ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಮಿಡತೆ ಹಾಡಲೇಬೇಕೆಂದು ಹಟ ಹಿಡಿಯುವವರು ಲೋಕದಲ್ಲಿ ಬಹಳ ಮಂದಿ ಇಲ್ಲ. ಇರುವವರೆಲ್ಲ ಹೆಚ್ಚುಕಮ್ಮಿ ಗೆಂಗ್‌ನ ಕಡೆಯವರೇ. ಚಳಿ ಬೀಳುತ್ತಲೇ ಸಾಯಬೇಕಾದ ಹುಳವನ್ನು ಒಣಗಿಸಿದ ಸೋರೆಬುರುಡೆಯಲ್ಲಿಟ್ಟು, ಬುರುಡೆಯನ್ನು ಎದೆಗೆ ತಗುಲಿಸಿಕೊಂಡು, ಮೈಯ ಕಾವಿನಲ್ಲೇ ಹಬ್ಬದ ತನಕ ಉಳಿಸಿಕೊಳ್ಳುವುದು ಅವರ ಹಳೆಯ ಗೀಳು. ಬೇಯಿಸಿದ ಸೋಯಾ ಕಾಳು, ಉಗುರಿನಷ್ಟು ಕ್ಯಾರೆಟ್, ವಾರಕ್ಕೆರಡು ಹಿಟ್ಟಿನ ಹುಳ. ಇಷ್ಟು ಕೊಟ್ಟು ಬೆಚ್ಚಗಿಟ್ಟರೆ ಮಿಡತೆಗೆ ಇನ್ನೂ ಬೇಸಿಗೆಯೆಂದೇ ಭ್ರಮೆ. ಕತ್ತಲಲ್ಲಿ ಕೂತು ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುತ್ತದೆ. ಹಬ್ಬದ ಹಿಂದಿನ ಭಾನುವಾರ ಎಲ್ಲರೂ ತಮ್ಮತಮ್ಮ ಬುರುಡೆಗಳನ್ನು ಒಂದೆಡೆ ತಂದಿಟ್ಟು ಯಾರ ಹುಳದ ದನಿ ಹೇಗಿದೆಯೆಂದು ಕೇಳುತ್ತಾರೆ.

ಗೆಂಗ್‌ಗೆ ಈ ಗೀಳು ಅಪ್ಪನಿಂದ ಬಂತು. ಅಪ್ಪ ಬಟ್ಟೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಓದು ಬರಹ ಅಷ್ಟಕ್ಕಷ್ಟೇ, ಕಿವಿ ಮಾತ್ರ ಭಾರಿ. ದನಿ ಕೇಳಿಯೇ ಹುಳ ಹೊಳೆಯ ಯಾವ ದಂಡೆಯದೆಂದು ಹೇಳುತ್ತಿದ್ದ. ಕೆಲವರು ಮೇಣಕ್ಕೆ ರಾಳ ಬೆರೆಸಿ ಕಾಯಿಸಿ, ಸೂಜಿಯ ಮೊನೆಯಲ್ಲಿ ಒಂದು ಹನಿ ತೆಗೆದು ಹುಳದ ರೆಕ್ಕೆಗೆ ಅಂಟಿಸುತ್ತಾರೆ. ರೆಕ್ಕೆ ಭಾರವಾಗಿ ದನಿ ತಗ್ಗುತ್ತದೆ, ದಪ್ಪವಾಗುತ್ತದೆ. ಇದಕ್ಕೆ ಮದ್ದು ಹಾಕುವುದು ಅನ್ನುತ್ತಾರೆ. ಅಪ್ಪನಿಗೆ ಮದ್ದೆಂದರೆ ಮೈಯೆಲ್ಲ ಉರಿ. ಹುಟ್ಟುದನಿ ಒಂದೇ ದನಿ, ಮಿಕ್ಕದ್ದೆಲ್ಲ ವೇಷ ಅನ್ನುವವನು. ಯಾರೋ ಪ್ರೀತಿಯಿಂದ ಕೊಟ್ಟ ಮದ್ದಿನ ಹುಳವನ್ನು ಕೊಟ್ಟವನ ಕಣ್ಣೆದುರೇ ಬಾಯ್ಲರಿನ ಕೆಂಡಕ್ಕೆ ಹಾಕಿದವನು ಅವನು.

ಗೆಂಗ್‌ಗೆ ಹನ್ನೊಂದು ವರ್ಷವಾಗಿದ್ದಾಗ ಹಳೆಯದನ್ನೆಲ್ಲ ಒಡೆದುಹಾಕಿ ಎಂದು ಸರಕಾರವೇ ಜನರನ್ನು ಛೂಬಿಟ್ಟ ಕಾಲ ಬಂತು. ಬೇರೆಯವರು ಬಂದು ಒಡೆಯುವುದಕ್ಕಿಂತ ತಾನೇ ಒಡೆಯುವುದು ವಾಸಿಯೆಂದು ಅಪ್ಪ ಅಂಗಳದಲ್ಲಿ ಹದಿನಾಲ್ಕು ಬುರುಡೆಗಳನ್ನು ಬೂಟುಗಾಲಲ್ಲಿ ತುಳಿದ. ಹದಿನೈದನೆಯದನ್ನು ಮಗನ ಹತ್ತಿಯ ರಜಾಯಿಯೊಳಗೆ ಹೊಲಿದ. ಆ ರಜಾಯಿ ಹೊದ್ದುಕೊಂಡೇ ಗೆಂಗ್ ಹದಿನೈದನೇ ವಯಸ್ಸಿಗೆ ರಷ್ಯಾ ಗಡಿಯ ಹೊಲಗಳಲ್ಲಿ ಬೀಟ್‌ರೂಟ್ ಅಗೆಯಲು ಸರಕಾರದ ಅಪ್ಪಣೆಯ ಮೇಲೆ ಹೋದ. ಏಳು ವರ್ಷ ಅಗೆದ. ನಿಂತುಹೋಗಿದ್ದ ಕಾಲೇಜು ಪ್ರವೇಶದ ಪರೀಕ್ಷೆಗಳು ಮತ್ತೆ ಶುರುವಾದಾಗ ಹಾರ್ಬಿನ್‌ನಲ್ಲಿ ಸೀಟು ಸಿಕ್ಕಿತು. ಅಲ್ಲಿ ಕಾಗದದ ಪಟ್ಟಿಗೆ ತೂತು ಹೊಡೆದು ಕಂಪ್ಯೂಟರಿಗೆ ಬುದ್ಧಿ ಹೇಳುವುದನ್ನು ಕಲಿತ. ಮೂವತ್ತಕ್ಕೆ ಕಡಲು ದಾಟಿ ಸೇಂಟ್ ಪಾಲ್‌ಗೆ ಬಂದ. ಡಾಕ್ಟರೇಟ್ ಆಯಿತು. ಆಮೇಲೆ ಡಾಲಸ್, ನ್ಯೂಜೆರ್ಸಿ, ಟೊರಾಂಟೊ, ಸ್ಯಾನ್ ಹೋಸೆ ಸುತ್ತಿ ಮತ್ತೆ ಸೇಂಟ್ ಪಾಲ್. ಒಂದು ಊರಿನಲ್ಲಿ ಹವೆ ಸರಿಯಿಲ್ಲ, ಒಂದು ಕಡೆ ಮೇಲಿನವನು ದಡ್ಡ, ಇನ್ನೊಂದು ಕಡೆ ಎಲ್ಲವೂ ಸರಿಯಿದೆ ಅನ್ನುವುದೇ ಸರಿಯಿಲ್ಲ. ಹೀಗೆ ಎಂಟು ಮನೆಗಳಾದವು. ಎಂಟರ ಹಿತ್ತಲಲ್ಲೂ ಸೋರೆಬಳ್ಳಿ ಹಬ್ಬಿತು, ಎಳೆಗಾಯಿಗೆ ಮಣ್ಣಿನ ಅಚ್ಚು ತೊಡಿಸಿ ಬೇಕಾದ ಆಕಾರಕ್ಕೆ ಬೆಳೆಸಿದ್ದೂ ಆಯಿತು. ಆದರೆ ಎದೆಯ ಹತ್ತಿರ ಇಟ್ಟುಕೊಳ್ಳುವುದು ರಜಾಯಿಯಲ್ಲಿ ಬಂದ ಆ ಒಂದೇ ಬುರುಡೆಯನ್ನು.

ಇನ್ನು ಅವನ ಉದ್ಯೋಗ. ಫೋನಿನಲ್ಲಿ ಮನುಷ್ಯ ಮಾತಾಡುವಾಗ ಮಾತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ನಡುವೆ ಇರುವುದು ಬರೀ ಉಸಿರೋ ಮೌನವೋ ಎಂಬುದನ್ನು ಕಂಪ್ಯೂಟರಿಗೆ ತಿಳಿಸಿಕೊಡುವುದು. ಕೇಳುವವರಿಗೆ ಇದೇನು ಮಹಾ ಅನ್ನಿಸುತ್ತದೆ. ಗೆಂಗ್ ಅದರಲ್ಲೇ ಮೂವತ್ತು ವರ್ಷ ಕಳೆದ, ಹೆಸರನ್ನೂ ಮಾಡಿದ. ಆದರೆ ಮನೆಯ ಮಿಡತೆಯ ಮುಂದೆ ಒಂದು ದಿನವೂ ಮೈಕು ಇಟ್ಟವನಲ್ಲ. ಅಪ್ಪನ ಕಿವಿಗೆ ಮೈಕು ಬೇಕಿರಲಿಲ್ಲ, ತನಗೂ ಬೇಡ ಅನ್ನುವ ಜಂಬ.

ಹೋದ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಅಲ್ಲಿಂದ ಮನೆಯಲ್ಲಿ ಅವನ ಕಾಟ ಹೇಳತೀರದು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ, ಯುನ್‌ಶಿಯಾ ಬೈದ ಮೇಲೆ ಮೊದಲಿನಂತೆ ಇಟ್ಟ, ಎರಡು ದಿನ ಬಿಟ್ಟು ಬಣ್ಣದ ಪ್ರಕಾರ ಜೋಡಿಸಿದ. ಆಗಸ್ಟ್ ಕೊನೆಗೆ ಮಿಡತೆಯ ಕೆಲಸ ಶುರುವಾದಾಗ ಮಾತ್ರ ಮನುಷ್ಯನಿಗೆ ಜೀವ ಬಂತು. ನದೀದಂಡೆಯ ಹುಲ್ಲಿನಲ್ಲಿ ಅವನು ಒಂಬತ್ತು ವರ್ಷದ ಹಿಂದೆ ಹಿಡಿದ ಮಿಡತೆಗಳ ಸಂತಾನವನ್ನೇ ಇವತ್ತಿಗೂ ಸಾಕುತ್ತಿದ್ದಾನೆ. ಪ್ರತಿವರ್ಷ ಮೊಟ್ಟೆಗಳನ್ನು ಒದ್ದೆ ಮರಳಲ್ಲಿ ಕಾಪಾಡಿ, ದೀಪದ ಶಾಖಕ್ಕೆ ಒಡೆಸಿ ಬೆಳೆಸುತ್ತಾನೆ. ಈ ವರ್ಷ ನಾಲ್ಕು ಗಂಡು ಬೆಳೆದವು. ನಾಲ್ಕೂ ಚೆನ್ನಾಗಿ ತಿಂದವು, ಮೈತುಂಬಿಕೊಂಡವು. ನಾಲ್ಕೂ ಹಾಡಲಿಲ್ಲ.

ನವೆಂಬರ್ ಕಳೆಯಿತು. ಗೆಂಗ್ ಕಾಳು ಬದಲಿಸಿದ, ಬುರುಡೆ ಬದಲಿಸಿದ, ಬಿಸಿನೀರಿನ ಚೀಲದ ಮೇಲಿಟ್ಟ. ಬುರುಡೆಯನ್ನು ಕಿವಿಗೆ ಒತ್ತಿಕೊಂಡು ಮನೆ ತುಂಬ ಶತಪಥ ತಿರುಗಿದ. ಭೂತಗನ್ನಡಿ ಹಿಡಿದು ನೋಡಿದರೆ ಹುಳ ರೆಕ್ಕೆಗಳನ್ನು ಉಜ್ಜುತ್ತಿದೆ, ಆದರೆ ಸದ್ದಿಲ್ಲ. ರೆಕ್ಕೆಯ ಹಲ್ಲು ಸವೆದಿರಬೇಕು, ಒಂದೇ ವಂಶದಲ್ಲಿ ಒಂಬತ್ತು ತಲೆಮಾರು ಬೆಳೆಸಿದ್ದಕ್ಕೆ ರಕ್ತ ಕೆಟ್ಟಿರಬೇಕು ಎಂದು ತೀರ್ಮಾನಿಸಿದ. ವಿಜ್ಞಾನಿಯಲ್ಲವೇ, ಕಾರಣ ಹುಡುಕಲು ಕಷ್ಟವಾಗಲಿಲ್ಲ. ದಿನಕ್ಕೆ ಹತ್ತು ಸಲ ಹೆಂಡತಿಯನ್ನೂ ಕೇಳುತ್ತಿದ್ದ, ಏನಾದರೂ ಕೇಳಿಸಿತೇ ಎಂದು. ಅವಳು ಬೆಳ್ಳುಳ್ಳಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ತಲೆಯೆತ್ತದೆ ಇಲ್ಲ ಅನ್ನುತ್ತಿದ್ದಳು. ಈ ಹುಳಗಳ ಕಿರಿಕಿರಿಯಲ್ಲಿ ನಿದ್ದೆಯಿಲ್ಲವೆಂದು ನಲವತ್ತು ವರ್ಷ ಗೊಣಗಿದವಳು ಈ ಸಲ ಗೊಣಗಲಿಲ್ಲ. ಅದೂ ಅವನ ಲೆಕ್ಕದಲ್ಲಿ ಹುಳ ಮೂಕವೆನ್ನುವುದಕ್ಕೆ ಒಂದು ಸಾಕ್ಷಿಯಾಯಿತು.

ಡಿಸೆಂಬರಿನಲ್ಲಿ ಅವನು ಮೂರು ಹುಳಗಳನ್ನು ಗೆಳೆಯ ಲಾವೊ ಬಿಯಾನ್‌ಗೆ ಕೊಟ್ಟುಬಿಟ್ಟ. ಬಿಯಾನ್ ಬೀಜಿಂಗಿನವನು, ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು, ಗೆಂಗ್‌ಗಿಂತ ನಾಲ್ಕು ವರ್ಷ ದೊಡ್ಡವನು. ಅವನೂ ಮಿಡತೆ ಸಾಕುತ್ತಾನೆ, ಆದರೆ ಹನ್ನೆರಡು ವರ್ಷದಿಂದ ಮದ್ದು ಹಾಕುತ್ತಿದ್ದಾನೆ. ಅದನ್ನು ಹಿಡಿದು ಗೆಂಗ್ ಅವನನ್ನು ಹುರಿದು ಮುಕ್ಕಿದ್ದಾನೆ. ಒಂದು ಹಬ್ಬಕ್ಕೆ ಕೈಯಾರೆ ಅಕ್ಷರ ಕೆತ್ತಿ, ಬಣ್ಣ ತುಂಬಿ, 'ಬಿಯಾನ್ ಔಷಧಾಲಯ' ಎಂಬ ಮರದ ಬೋರ್ಡನ್ನೇ ಉಡುಗೊರೆ ಕೊಟ್ಟಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಬಿಯಾನ್ ಕೂಡ.

ಈಗ ಆ ಬಿಯಾನ್‌ನನ್ನೇ ಕರೆಸಿ, ಮೂರು ಬುರುಡೆಗಳನ್ನು ಕೈಗಿಟ್ಟು ಗೆಂಗ್ ಅಂದ, "ತಗೋ. ಮೂರೂ ಮೂಕ. ಮದ್ದು ಹಾಕೋದು ಹೆಂಗೂ ನಿನ್ನ ಕಸುಬು, ಏನಾದ್ರೂ ಮಾಡ್ಕೋ."

ಬಿಯಾನ್ ಬುರುಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಯುನ್‌ಶಿಯಾಳ ಕಡೆ ಗೆಂಗ್‌ನ ಭುಜದ ಮೇಲಿಂದ ಒಂದು ಗಳಿಗೆ ನೋಡಿದ. ಅವಳು ಕತ್ತು ತಿರುಗಿಸಿದಳು. ಎಂದೂ ಮಾತಿಗೆ ಸೋಲದ ಬಿಯಾನ್ ಅವತ್ತು ಬರೀ ಆಗಲಿ ಎಂದು ಹೇಳಿ, ಮೂರನ್ನೂ ಕೋಟಿನೊಳಗೆ ತುರುಕಿಕೊಂಡು ಹೊರಟ. ಬೀಜಿಂಗಿನವರಿಗೆ ಪುಕ್ಕಟೆ ಸಿಕ್ಕಿದ್ದು ಏನಾದರೂ ಸರಿಯೇ ಎಂದು ಗೆಂಗ್ ಅವನ ಬೆನ್ನಿಗೆ ನಕ್ಕ.

ಉಳಿದ ನಾಲ್ಕನೆಯದನ್ನು ಅಪ್ಪನ ಬುರುಡೆಯಲ್ಲಿಟ್ಟ. ಅದಾದರೂ ಹಬ್ಬದೊಳಗೆ ಬಾಯಿ ಬಿಟ್ಟೀತೆಂಬ ಆಸೆ. ಮಿಡತೆಯವರೆಲ್ಲ ಸೇರುವ ಟಾಂಗ್ ಅಂಗಡಿಯ ಮೇಜಿನಲ್ಲಿ ಒಂಬತ್ತು ವರ್ಷದಿಂದ ಗೌರವದ ಕುರ್ಚಿ ಅವನದು, ಯಾಕೆಂದರೆ ಅಲ್ಲಿನ ಆರು ಜನರಲ್ಲಿ ಹುಟ್ಟುದನಿಯ ಹುಳ ತರುವವನು ಅವನೊಬ್ಬನೇ. ಆ ಕುರ್ಚಿಯಲ್ಲಿ ಮೂಕ ಹುಳ ಹಿಡಿದು ಕೂರುವುದು ಹೇಗೆ? ಅಲ್ಲಿ ವಾರವಾರವೂ ಸೇರುವ ಚಳಿಗಾಲದ ಭಾನುವಾರಗಳಿಗೆಲ್ಲ ನಾಚಿಕೆಯಿಂದ ಚಕ್ಕರ್ ಹೊಡೆದ. ಕೊನೆಯ ಭಾನುವಾರಕ್ಕೂ ಹೋಗದಿದ್ದರೆ ಗೆಂಗ್ ಸತ್ತ ಎಂದೇ ಸುದ್ದಿಯಾಗುತ್ತದೆ ಎಂದು ಯುನ್‌ಶಿಯಾಳ ಜೊತೆ ಹೊರಟ. ಹೋಗುವುದು ಬೇಡ, ಕಾಲು ನೋವು, ಹಿಮ ಜಾಸ್ತಿ ಎಂದು ಅವಳು ಏನೇನೋ ನೆವ ಹೇಳಿದಳು. ಅವನು ಕೇಳಲಿಲ್ಲ.

ಟಾಂಗ್ ಅಂಗಡಿಯ ಹಿಂಬದಿಯಲ್ಲಿ, ಅಕ್ಕಿ ಮೂಟೆಗಳ ಪಕ್ಕ, ದುಂಡು ಮೇಜು. ಕಿಟಕಿಯಿಂದ ಬೆಳಗಿನ ಬಿಸಿಲು. ಸೂರ್ಯಕಾಂತಿ ಬೀಜದ ಸಿಪ್ಪೆ ಆಗಲೇ ಗುಡ್ಡೆಯಾಗಿತ್ತು. ಒಬ್ಬೊಬ್ಬರೂ ಕೋಟಿನಿಂದ ಬುರುಡೆ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಬಿಯಾನ್‌ನ ಮದ್ದಿನ ಹುಳ ದಪ್ಪ ದನಿಯಲ್ಲಿ ಹಾಡಿತು, ಜನ ತಲೆದೂಗಿದರು. ಕೊನೆಗೆ ಗೆಂಗ್‌ನ ಸರದಿ ಬಂತು. ಅವನು ಅಪ್ಪನ ಬುರುಡೆಯನ್ನು ಮುಂದಿಟ್ಟು, ಮುಚ್ಚಳ ತೆರೆದು, ಎದ್ದುನಿಂತ.

"ಈ ವರ್ಷ ನಂದು ಮೂಕ," ಅಂದ. "ವಂಶ ಹಳೇದಾಯ್ತು. ಹುಳ ಕೇಳೋಕೆ ಅಲ್ಲ, ಬುರುಡೆ ನೋಡೋಕೆ ಅಂತ ತಂದೆ, ಅಷ್ಟೇ."

ಅವನು ಎದ್ದಾಗ ಎಲ್ಲರ ಮುಖದಲ್ಲೂ ನಗುವಿತ್ತು. ಮಾತು ಮುಗಿಯುವಷ್ಟರಲ್ಲಿ ನಗು ಇಳಿದುಹೋಗಿತ್ತು. ಯಾರೂ ಬೀಜ ಕಡಿಯಲಿಲ್ಲ. ಅಯ್ಯೋ ಪಾಪ ಅನ್ನುತ್ತಿದ್ದಾರೆ ಎಂದುಕೊಂಡು ಗೆಂಗ್ ಕೂತ. ಅಷ್ಟರಲ್ಲಿ ಟೀ ತಂದ ಅಂಗಡಿಯ ಯಜಮಾನಿ ಶಿಯಾವೊ ಟಾಂಗ್ ತಟ್ಟೆ ಇಡುತ್ತ ಕೇಳಿದಳು, "ಯಾವುದು ಮೂಕ, ಚಿಕ್ಕಪ್ಪ? ನಿಮ್ಮದೇ ಅಲ್ವಾ ಆಗಿಂದ ಕಿರುಚ್ತಿರೋದು? ಒಳಗೆ ಒಲೆ ಹತ್ರಕ್ಕೂ ಕೇಳ್ತಿದೆ."

ಟೀ ತಣ್ಣಗಾಗಿದೆ, ಬೇರೆ ತಾ ಎಂದು ಬಿಯಾನ್ ಅವಳ ಮೇಲೆ ಸಿಡುಕಿದ. ಟೀಯಿಂದ ಹಬೆ ಏಳುತ್ತಿತ್ತು.

ಮೇಜಿನಡಿ ಯುನ್‌ಶಿಯಾಳ ಅಂಗೈ ಬಂದು ಗೆಂಗ್‌ನ ಮಂಡಿಯ ಮೇಲೆ ಕೂತಿತು. ಆದರೆ ಆ ಹೊತ್ತು ಅವನ ಕಾಲು ಅಲುಗಾಡುತ್ತಲೇ ಇರಲಿಲ್ಲ. ಅಲುಗದ ಕಾಲಿನ ಮೇಲೆ ಕೈಯಿಟ್ಟಿದ್ದಾಳೆಂದರೆ ಅವಳಿಗೆ ಗೊತ್ತಿದೆ. ಅದು ಗೊತ್ತಾದ ಕೂಡಲೇ ಮಿಕ್ಕದ್ದೆಲ್ಲವೂ ಅವನಿಗೆ ಗೊತ್ತಾಯಿತು. ಅವನು ಬುರುಡೆಯ ಕಡೆ ನೋಡಿದ. ಹುಳದ ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತಿದ್ದವು.

ಮನೆಗೆ ಬಂದವನು ಕೋಟೂ ಬಿಚ್ಚದೆ ನೆಲಮಾಳಿಗೆಗೆ ಇಳಿದ. ಹಳೆಯ ಕಂಪ್ಯೂಟರಿನ ಧೂಳು ತೋಳಿನಲ್ಲೇ ಒರೆಸಿ, ಡ್ರಾಯರಿನಿಂದ ಮೈಕು ಹುಡುಕಿ, ಒಂಬತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ, ಹುಳದ ಮುಂದೆ ಮೈಕು ಇಟ್ಟ. ತಾನೇ ಬರೆದ ಪ್ರೋಗ್ರಾಂ ಓಡಿಸಿದ. ಮಾತು ಶುರುವಾದಲ್ಲಿ ಹಸಿರು ಗೆರೆ, ಮುಗಿದಲ್ಲಿ ಕೆಂಪು ಗೆರೆ ಎಳೆಯುವ ಪ್ರೋಗ್ರಾಂ ಅದು. ಪರದೆಯ ತುಂಬ ದನಿಯ ಗೆರೆಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಎದ್ದವು. ಹಸಿರು, ಕೆಂಪು, ಹಸಿರು, ಕೆಂಪು. ಕೋಣೆಯಲ್ಲಿ ಫ್ಯಾನಿನ ಗೊರಗೊರ ಬಿಟ್ಟು ಅವನಿಗೆ ಬೇರೇನೂ ಕೇಳಲಿಲ್ಲ. ಜನ ಈಗೀಗ ಮಾತಿನ ಕೊನೆ ನುಂಗುತ್ತಾರೆ ಎಂದು ಅವನು ಎರಡು ವರ್ಷದಿಂದ ದೂರುತ್ತಿದ್ದ. ಜನ ನುಂಗುತ್ತಿರಲಿಲ್ಲ. ಹೋದ ವರ್ಷ ಹುಳದ ದನಿ ಸಣ್ಣಗಾಗಿದೆ ಅಂದಿದ್ದ. ಅದೂ ಸಣ್ಣಗಾಗಿರಲಿಲ್ಲ.

ಅಪ್ಪನಾಗಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದ. ಅಪ್ಪ ಐವತ್ತೆಂಟಕ್ಕೇ ಹೋಗಿಬಿಟ್ಟಿದ್ದ, ಪೂರ್ತಿ ಕಿವಿಯ ಸಮೇತ. ಗೆಂಗ್‌ಗೆ ಅಪ್ಪನ ಮೇಲೆ ಮೊದಲ ಸಲ ಹೊಟ್ಟೆಕಿಚ್ಚಾಯಿತು.

ಅವನು ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದ. ಯುನ್‌ಶಿಯಾ ಕಡುಬಿನ ಹಿಟ್ಟು ನಾದುತ್ತಿದ್ದಳು.

"ಎಷ್ಟು ದಿನದಿಂದ ಗೊತ್ತು?"

"ಹೋದ ಚಳಿಗಾಲದಿಂದ."

"ದಿನಾ ಕೇಳಿದೆ. ದಿನಾ ಇಲ್ಲ ಅಂದೆ."

"ಹುಳ ಮೂಕ ಅಂದ್ರೆ ನೀನು ಇನ್ನೊಂದು ಹುಳ ತರ್ತೀಯ," ಅಂದಳು ಅವಳು. "ಕಿವಿ ಹೋಗಿದೆ ಅಂದ್ರೆ ಇನ್ನೊಂದು ಕಿವಿ ಎಲ್ಲಿಂದ ತರ್ತೀಯ?"

ತನ್ನನ್ನು ಅಷ್ಟು ಜನರ ಮುಂದೆ ಕೋಡಂಗಿ ಮಾಡಿದೆ ಎಂದು ಅವನು ಕೂಗಾಡಿದ. ಹೋಗಬೇಡ ಅಂದಿದ್ದೆ ಎಂದು ಅವಳು ನೆನಪಿಸಿದಳು. ಅವನು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗಾಡಿದ. ಈ ಮನೆಯೇ ಸರಿಯಿಲ್ಲ, ಸದ್ದನ್ನೆಲ್ಲ ಈ ಗೋಡೆಗಳೇ ಹೀರುತ್ತವೆ ಅಂದ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ತಿರುಗಾಟ ನಿಲ್ಲಿಸಿದ. ಯುನ್‌ಶಿಯಾ ಹಿಟ್ಟಿನಿಂದ ಕೈ ತೆಗೆದು, ಪೂರ್ತಿ ಹೆಸರು ಹಿಡಿದು ಕರೆದರೆ ಅವನು ಹೆದರುತ್ತಾನೆಂದು ಗೊತ್ತಿದ್ದೇ, ಪೂರ್ತಿ ಹೆಸರು ಹಿಡಿದು ಕರೆದಳು.

"ಗೆಂಗ್ ಶೂಲಿನ್. ಎಂಟು ಮನೆ ಕಟ್ಟಿ ಬಿಚ್ಚಿದ್ದೀನಿ. ಎಲ್ಲೋ ಏನೋ ಸರಿಯಿಲ್ಲ ಅಂತ ನಿನಗೆ ಅನ್ನಿಸಿದಾಗೆಲ್ಲ ಪೆಟ್ಟಿಗೆ ತುಂಬಿದ್ದೀನಿ. ಯಾಕೆ ಅಂತ ಕೇಳಿಲ್ಲ. ಇದಕ್ಕೆ ಯಾವ ಊರಿಗೆ ಹೋಗೋದು ಅಂತ ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅವಳು ಅತ್ತಿದ್ದನ್ನು ಗೆಂಗ್ ಟೊರಾಂಟೊದ ಮನೆ ಬಿಟ್ಟಾಗ ಒಮ್ಮೆ ನೋಡಿದ್ದ. ಅವಳ ಪಕ್ಕ ನಿಂತು ಹಿಟ್ಟಿನ ಉಂಡೆ ಕಟ್ಟತೊಡಗಿದ. ಎಲ್ಲವೂ ಓರೆಕೋರೆಯಾದವು.

ಉಂಡೆ ಕಟ್ಟುವಾಗಲೇ ಆ ಮೂರು ಹುಳಗಳು ನೆನಪಾದವು. ಮೂಕವೆಂದು ಹೇಳಿ ಹಾಡುವ ಮೂರು ಹುಳಗಳನ್ನು ಬಿಯಾನ್‌ಗೆ ಕೊಟ್ಟಿದ್ದಾನೆ. ಹಾಗಾದರೆ ಬಿಯಾನ್‌ಗೂ ಡಿಸೆಂಬರಿನಿಂದಲೇ ಗೊತ್ತು. ಅವನು ಇಷ್ಟು ದಿನ ಮನೆಯಲ್ಲಿ ಕೂತು ಎಷ್ಟು ನಕ್ಕಿರಬೇಡ. ಗೆಂಗ್‌ಗೆ ರಾತ್ರಿಯಿಡೀ ಅದೇ ಉರಿ.

ಮಾರನೇ ದಿನ ಬೆಳಿಗ್ಗೆ ಯುನ್‌ಶಿಯಾ ಕಾರು ಓಡಿಸಿಕೊಂಡು ಅವನನ್ನು ಬಿಯಾನ್‌ನ ಮನೆಗೆ ಕರೆದೊಯ್ದಳು. ಅವಳು ಮೇಲೆ ಬಿಯಾನ್‌ನ ಹೆಂಡತಿಯ ಜೊತೆ ಕೂತಳು, ಗೆಂಗ್ ನೆಲಮಾಳಿಗೆಗೆ ಇಳಿದ. ಅಲ್ಲಿ ಗೋಡೆಯ ನಟ್ಟನಡುವೆ 'ಬಿಯಾನ್ ಔಷಧಾಲಯ' ನೇತಾಡುತ್ತಿತ್ತು. ಅದರ ಕೆಳಗೆ ಬೆಂಚಿನ ಮೇಲೆ ಗೆಂಗ್‌ನ ಮೂರು ಬುರುಡೆಗಳು ಸಾಲಾಗಿ ಕೂತಿದ್ದವು.

ನಗುವುದಿದ್ದರೆ ಈಗಲೇ ನಕ್ಕುಬಿಡು ಎಂದು ಗೆಂಗ್ ಮೊದಲೇ ಹೇಳಿದ. ಬಿಯಾನ್ ನಗಲಿಲ್ಲ. ಸ್ಟೂಲು ಎಳೆದುಕೊಟ್ಟ.

"ನಾನು ಮದ್ದು ಹಾಕೋಕೆ ಶುರುಮಾಡಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದ.

"ಹನ್ನೆರಡು."

"ಯಾಕೆ ಶುರುಮಾಡ್ದೆ ಅಂತ ಒಂದು ದಿನವಾದ್ರೂ ಕೇಳಿದ್ಯಾ? ಬೋರ್ಡ್ ಕೆತ್ತಿ ತಂದೆ, ಅಷ್ಟೇ."

ಗೆಂಗ್ ತಲೆಯೆತ್ತಿ ಬೋರ್ಡಿನ ಕಡೆ ನೋಡಿದ.

"ನಲವತ್ತು ವರ್ಷ ಲಿಫ್ಟ್ ಮೋಟರಿನ ಪಕ್ಕ ನಿಂತ ಕಿವಿ ಇದು," ಅಂದ ಬಿಯಾನ್. "ಯಂತ್ರ ಹಾಕಿಸ್ಕೊಂಡೆ. ಮನುಷ್ಯರ ಮಾತು ಕೇಳುತ್ತೆ, ಹೆಂಡ್ತಿ ಬೈಗುಳ ಇನ್ನೂ ಚೆನ್ನಾಗಿ ಕೇಳುತ್ತೆ. ಹುಳ ಮಾತ್ರ ಅದಕ್ಕೂ ಸಿಗಲ್ಲ. ನಾನು ಅದರ ದನಿಯ ಎತ್ತರಕ್ಕೆ ಹೋಗೋಕಾಗಲ್ಲ. ಅದಕ್ಕೇ ಅದನ್ನೇ ನನ್ನ ಹತ್ರ ಇಳಿಸ್ಕೊಂಡೆ."

ಹನ್ನೆರಡು ಹಬ್ಬಗಳಲ್ಲಿ ತಾನು ಆಡಿದ್ದೆಲ್ಲ ಗೆಂಗ್‌ಗೆ ಒಂದೊಂದಾಗಿ ನೆನಪಾಯಿತು. ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದ್ದರೆ ನೀನು ಗೇಲಿ ಮಾಡುವುದನ್ನು ಬಿಟ್ಟು ಕನಿಕರಪಡುತ್ತಿದ್ದೆ, ಗೇಲಿಯೇ ವಾಸಿ ಎಂದು ಬಿಯಾನ್ ಅಂದ.

ಆಮೇಲೆ ಬೆಂಚಿನ ದೀಪ ಹಾಕಿ, ಮೂರು ಬುರುಡೆಗಳನ್ನು ಹತ್ತಿರ ಸರಿಸಿದ. ನಿನ್ನ ಕಿವಿ ಎಲ್ಲಿಗೆ ನಿಂತಿದೆಯೋ ತಿಳಿಯಲಿಲ್ಲ, ಅದಕ್ಕೇ ಮೂರಕ್ಕೂ ಬೇರೆಬೇರೆ ತೂಕದ ಹನಿ ಹಾಕಿದ್ದೇನೆ ಅಂದ. ಹಾಕಿದ್ದು ಡಿಸೆಂಬರಿನಲ್ಲಿ, ಅವತ್ತು ಬಾಗಿಲಲ್ಲಿ ನಿಂತವಳು ಕತ್ತು ತಿರುಗಿಸಿದಾಗಲೇ ಅವನಿಗೆ ಅರ್ಥವಾಗಿತ್ತು. ಅಂದಿನಿಂದ ಮೂರನ್ನೂ ಸರದಿಯ ಮೇಲೆ ತನ್ನ ಎದೆಯಲ್ಲೇ ಹೊತ್ತು ತಿರುಗಿದ್ದಾನೆ, ಗೆಂಗ್ ಬಂದೇ ಬರುತ್ತಾನೆಂದು.

ಮೊದಲ ಬುರುಡೆಯ ಮುಚ್ಚಳ ತೆರೆದ. ರೆಕ್ಕೆ ನಡುಗಿತು, ಗೆಂಗ್‌ಗೆ ಏನೂ ಕೇಳಲಿಲ್ಲ. ಎರಡನೆಯದನ್ನು ತೆರೆದಾಗ ದೂರದಲ್ಲೆಲ್ಲೋ ಯಾರೋ ಮರಳು ಜರಡಿ ಹಿಡಿದಂತೆ ಅನ್ನಿಸಿತು, ಹೌದೋ ಅಲ್ಲವೋ ಹೇಳುವಂತಿರಲಿಲ್ಲ. ಗೆಂಗ್‌ನ ಮಂಡಿ ಕುಣಿಯತೊಡಗಿತು. ಮೂರನೆಯದರ ಮುಚ್ಚಳ ತೆರೆದು ಬಿಯಾನ್ ಕಾದ. ಹುಳ ಮೀಸೆ ಆಡಿಸಿತು, ಒಂದು ಸುತ್ತು ತಿರುಗಿತು, ರೆಕ್ಕೆ ಎತ್ತಿತು.

ಕೇಳಿತು. ತಗ್ಗು ದನಿ, ದಪ್ಪ, ಸ್ವಲ್ಪ ಒರಟು, ತೊಟ್ಟಿಯ ತಳದಿಂದ ಬಂದಂತಿದ್ದ ದನಿ. ಅಪ್ಪನ ಹುಳದ್ದಲ್ಲ. ನದೀದಂಡೆಯದೂ ಅಲ್ಲ. ಅಪ್ಪ ಇದ್ದಿದ್ದರೆ ಕೆಂಡಕ್ಕೆ ಹಾಕುತ್ತಿದ್ದ ದನಿ. ಗೆಂಗ್‌ಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಬಿಯಾನ್ ಬೆನ್ನು ತಿರುಗಿಸಿ, ಮೇಣದ ಬಟ್ಟಲನ್ನು ಸುಮ್ಮಸುಮ್ಮನೆ ಒರೆಸುತ್ತ ನಿಂತ.

ಆಮೇಲೆ ಬಟ್ಟಲು ಕೆಳಗಿಟ್ಟು ಬಿಯಾನ್ ಕೈ ಚಾಚಿದ. "ಎದೇಲಿರೋದನ್ನೂ ಕೊಡು. ಈಗ ತೂಕ ಗೊತ್ತಾಯ್ತಲ್ಲ, ಅರ್ಧ ಗಂಟೆ ಕೆಲಸ."

"ಬೇಡ. ಅದು ಹುಟ್ಟುದನಿಯಲ್ಲೇ ಇರ್ಲಿ."

"ನಿನಗೆ ಕೇಳಲ್ವಲ್ಲೋ, ಹಟಮಾರಿ."

"ಅವಳಿಗೆ ಕೇಳುತ್ತೆ," ಅಂದ ಗೆಂಗ್.

ಹೊರಡುವ ಮುಂಚೆ ಬೋರ್ಡು ಇಳಿಸಿಕೊಡು, ತೆಗೆದುಕೊಂಡು ಹೋಗುತ್ತೇನೆ ಎಂದು ಗೆಂಗ್ ಕೇಳಿದ. ಕೊಡಲಾರೆ, ಅದು ಅಂಗಡಿಯ ಸೊತ್ತು, ಇನ್ನು ನೀನೂ ಇಲ್ಲಿನ ಗಿರಾಕಿ ಎಂದು ಬಿಯಾನ್ ಅವನನ್ನು ಮೆಟ್ಟಿಲ ಕಡೆ ದೂಡಿದ.

ಕಾರು ಎರಡು ಗಂಟೆ ಹೊರಗೆ ನಿಂತು ಕಬ್ಬಿಣದಂತೆ ತಣ್ಣಗಾಗಿತ್ತು. ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿ, ಹೀಟರ್ ಬರೀ ತಣ್ಣನೆಯ ಗಾಳಿ ಊದುತ್ತಿತ್ತು. ಮದ್ದಿನ ಹುಳ ಗೆಂಗ್‌ನ ಎಡಜೇಬಿನಲ್ಲಿತ್ತು. ಒಳಗಿನಿಂದ ಅವನು ಅಪ್ಪನ ಬುರುಡೆಯನ್ನು ತೆಗೆದು, ಹೆಂಡತಿಗೆ ಚೆನ್ನಾಗಿ ಕೇಳಲೆಂದು ಇಬ್ಬರ ನಡುವೆ ಅಂಗೈಯಲ್ಲಿ ಹಿಡಿದುಕೊಂಡ. ಈ ಹುಳದ ಮಟ್ಟಿಗೆ ಇನ್ನುಮುಂದೆ ನೀನೇ ನನ್ನ ಕಿವಿ, ಇಲ್ಲದ್ದನ್ನು ಹೇಳಬಾರದು ಎಂದು ಕರಾರು ಹಾಕಿದ. ಅವಳು ಒಪ್ಪಿದಳು.

"ಹಾಡ್ತಿದೆಯಾ?"

"ಹಾಡ್ತಿದೆ. ಕೂಗಾಡ್ತಿದೆ. ತಲೆ ಚಿಟ್ಟು ಹಿಡೀತಿದೆ."

ಗೆಂಗ್‌ಗೆ ಆ ಗೊಣಗಾಟ ಕೇಳಿ ಹಿತವಾಯಿತು. ಎರಡು ಸಿಗ್ನಲ್ ದಾಟಿದರು. ಅವನು ಮತ್ತೆ ಕೇಳಿದ, ಅವಳು ಇನ್ನೂ ಹಾಡುತ್ತಿದೆ ಅಂದಳು. ನದಿಯ ಸೇತುವೆಗೆ ಬಂದರು. ಕೆಳಗೆ ನೀರು ಬಿಳಿಯ ಹಾಸುಗಲ್ಲಾಗಿತ್ತು. ಗೆಂಗ್ ಮುಚ್ಚಳದ ತೂತಿನಲ್ಲಿ ಕಣ್ಣಿಟ್ಟು ನೋಡಿದ. ಆ ಚಳಿಗೆ ಮಿಡತೆ ಕಾಲುಗಳನ್ನು ಮೈಗೆ ಮಡಚಿಕೊಂಡು, ರೆಕ್ಕೆಗಳನ್ನು ಬಿಗಿಯಾಗಿ ಮುಚ್ಚಿ ಮುದುರಿ ಕೂತಿತ್ತು. ರೆಕ್ಕೆ ಮುಚ್ಚಿದ ಮಿಡತೆ ಹಾಡುವುದಿಲ್ಲ. ಅದನ್ನು ತಿಳಿಯಲು ಕಿವಿ ಬೇಕಾಗಿಲ್ಲ.

"ಈಗ?" ಎಂದು ಕೇಳಿದ.

ಯುನ್‌ಶಿಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಈಗ ಇನ್ನೂ ಜೋರಾಗಿ," ಅಂದಳು.

ಚಳಿಗಾಲವಿಡೀ ಇದ್ದ ಹಾಡನ್ನು ಇಲ್ಲ ಅಂದವಳು, ಈಗ ಇಲ್ಲದ ಹಾಡನ್ನು ಇದೆ ಅನ್ನುತ್ತಿದ್ದಳು. ಗೆಂಗ್ ಬುರುಡೆಯನ್ನು ಮತ್ತೆ ಎದೆಗೆ ಸೇರಿಸಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯ ತನಕ ಹಾಕಿದ.

"ಒಳ್ಳೇ ಹುಳ," ಅಂದ.